ಎಡ್ವರ್ಡ್ ಕೆಂಡಾಲ್: ಅಡ್ರಿನಲ್ ಗ್ರಂಥಿಯ ಸಂಶೋಧನೆ, ಸ್ಟೀರಾಯ್ಡ್ ಮಾತ್ರೆಯ ಮೂಲ ಮತ್ತು ಉಪವಾಸ

ಎಡ್ವರ್ಡ್ ಕ್ಯಾಲ್ವಿನ್ ಕೆಂಡಾಲ್ (8 ಮಾರ್ಚ್ 1886 – 4 ಮೇ 1972) ಅಮೆರಿಕದ ಜೀವರಸಾಯನ ವಿಜ್ಞಾನಿ. ಥೈರಾಯ್ಡ್ ಗ್ರಂಥಿಯ ಹಾರ್ಮೋನನ್ನು ಮೊದಲು ಶುದ್ಧ ಹರಳಿನ ರೂಪದಲ್ಲಿ ಬೇರ್ಪಡಿಸಿದವರು. ಅಡ್ರಿನಲ್ ಗ್ರಂಥಿಯ ಹಾರ್ಮೋನುಗಳ ಮೇಲೆ ಎರಡು ದಶಕ ಕೆಲಸ ಮಾಡಿ, ಮುಂದೆ ಕಾರ್ಟಿಸೋನ್ ಎಂದು ಹೆಸರಾದ ವಸ್ತುವನ್ನು ಗುರುತಿಸಿದರು. ಇದಕ್ಕಾಗಿ 1950ರಲ್ಲಿ ಅವರಿಗೆ, ಅವರ ಸಹೋದ್ಯೋಗಿ ವೈದ್ಯ ಫಿಲಿಪ್ ಹೆಂಚ್ ಅವರಿಗೆ ಮತ್ತು ಸ್ವಿಟ್ಜರ್ಲೆಂಡಿನ ಟಾಡಿಯಸ್ ರೈಕ್‌ಸ್ಟೈನ್ ಅವರಿಗೆ ಒಟ್ಟಾಗಿ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು.

ಇಂದು ಉಬ್ಬಸ, ಸಂಧಿವಾತ, ಚರ್ಮರೋಗ, ಮೂತ್ರಪಿಂಡದ ಕೆಲವು ಕಾಯಿಲೆಗಳಿಗೆ ವೈದ್ಯರು ಬರೆದುಕೊಡುವ ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಹೈಡ್ರೊಕಾರ್ಟಿಸೋನ್ ಎಲ್ಲವೂ ಈ ಸಂಶೋಧನೆಯ ಸಂತಾನವೇ. ಜೈನ ಮನೆಗಳಲ್ಲಿ ಈ ಮಾತ್ರೆಗಳ ಬಗ್ಗೆ ಮುಖ್ಯವಾಗಿ ಎರಡು ಪ್ರಶ್ನೆ ಏಳುತ್ತವೆ. ಇದು ಪ್ರಾಣಿಮೂಲದ್ದೇ? ಭಾದ್ರಪದದಲ್ಲಿ ದಶಲಕ್ಷಣ ಪರ್ವದ ಉಪವಾಸ ಹಿಡಿದಾಗ ಇದನ್ನು ಬಿಡಬಹುದೇ? ಮೊದಲನೆಯದಕ್ಕೆ ಇತಿಹಾಸ ಒಂದು ಉತ್ತರ ಕೊಡುತ್ತದೆ, ಇಂದಿನ ಕಾರ್ಖಾನೆ ಇನ್ನೊಂದು ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಉತ್ತರ ಒಂದೇ: ವೈದ್ಯರನ್ನು ಕೇಳದೆ ಬಿಡುವಂತಿಲ್ಲ. ಹಾಗೇಕೆ ಎಂಬುದು ತಿಳಿಯಬೇಕಾದರೆ ಗ್ರಂಥಿಗಳ ಕೆಲಸವನ್ನು ಸ್ವಲ್ಪ ಅರಿಯಬೇಕು.

ಒಡೆಯ ಗ್ರಂಥಿ, ಆಳು ಗ್ರಂಥಿ

ಎರಡು ಮೂತ್ರಪಿಂಡಗಳ ತಲೆಯ ಮೇಲೆ ಟೋಪಿಯಂತೆ ಕೂತಿರುವ ಪುಟ್ಟ ಗ್ರಂಥಿಗಳೇ ಅಡ್ರಿನಲ್. ಇದರ ಒಳತಿರುಳು ಅಡ್ರಿನಲಿನ್ ಸುರಿಸುತ್ತದೆ. ಹೊರಪದರ ಕಾರ್ಟಿಸಾಲ್ ಮತ್ತು ಅಲ್ಡೋಸ್ಟೆರಾನ್ ಎಂಬ ಹಾರ್ಮೋನುಗಳನ್ನು ಕೊಡುತ್ತದೆ. ಕಾರ್ಟಿಸಾಲ್ ರಕ್ತದ ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಕಾಯುತ್ತದೆ. ಜ್ವರ, ಗಾಯ, ಹಸಿವಿನಂಥ ಕಷ್ಟ ಬಂದಾಗ ಹೆಚ್ಚು ಸುರಿದು ದೇಹವನ್ನು ನಿಲ್ಲಿಸುತ್ತದೆ. ಅಲ್ಡೋಸ್ಟೆರಾನ್ ದೇಹದಲ್ಲಿ ಉಪ್ಪನ್ನು ಹಿಡಿದಿಡುತ್ತದೆ.

ಅಡ್ರಿನಲ್ ತನ್ನಷ್ಟಕ್ಕೆ ಕೆಲಸ ಮಾಡುವುದಿಲ್ಲ. ಮಿದುಳಿನ ಬುಡದಲ್ಲಿ, ಕಡಲೆಕಾಳಿನಷ್ಟು ಗಾತ್ರದ ಪಿಟ್ಯುಟರಿ ಗ್ರಂಥಿ ಇದೆ. ಅದು ರಕ್ತದಲ್ಲಿ ಕಳಿಸುವ ಎಸಿಟಿಎಚ್ ಎಂಬ ಹಾರ್ಮೋನಿನ ಆಜ್ಞೆಯಂತೆ ಅಡ್ರಿನಲ್ ಕಾರ್ಟಿಸಾಲ್ ತಯಾರಿಸುತ್ತದೆ. ಕಾರ್ಟಿಸಾಲ್ ಸಾಕಷ್ಟಾದರೆ ಪಿಟ್ಯುಟರಿ ಆಜ್ಞೆ ಕಡಿಮೆ ಮಾಡುತ್ತದೆ. ಹೊರಗಿನಿಂದ ಮಾತ್ರೆಯ ರೂಪದಲ್ಲಿ ಸ್ಟೀರಾಯ್ಡ್ ಬಂದರೂ ಪಿಟ್ಯುಟರಿಗೆ ಅದು ಸಾಕಷ್ಟಿದೆ ಎಂದೇ ಕಾಣುತ್ತದೆ. ಇಡೀ ಲೇಖನದ ಕೀಲಿ ಈ ಒಂದು ಸಂಗತಿ.

ಈ ಗ್ರಂಥಿಗಳ ರೋಗಗಳನ್ನು ಗುರುತಿಸಿದ ಮೂವರ ಹೆಸರು ರೋಗಗಳಿಗೇ ಅಂಟಿಕೊಂಡಿವೆ. ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಅಡಿಸನ್ 1855ರಲ್ಲಿ, ಅಡ್ರಿನಲ್ ಕೆಟ್ಟವರು ಸೊರಗಿ, ಚರ್ಮ ಕಪ್ಪಾಗಿ, ಸುಸ್ತಿನಿಂದಲೇ ಸಾಯುವುದನ್ನು ವಿವರಿಸಿದರು. ಅವರು ಕಂಡ ರೋಗಿಗಳಲ್ಲಿ ಹಲವರಿಗೆ ಕಾರಣ ಕ್ಷಯ. ಭಾರತದಲ್ಲಿ ಅಡಿಸನ್ ರೋಗಕ್ಕೆ ಕ್ಷಯ ಇಂದಿಗೂ ಒಂದು ಮುಖ್ಯ ಕಾರಣ. ಅಮೆರಿಕದ ಮಿದುಳು ಶಸ್ತ್ರವೈದ್ಯ ಹಾರ್ವಿ ಕುಶಿಂಗ್ 1912ರಲ್ಲಿ ಪಿಟ್ಯುಟರಿ ಮತ್ತು ಅದರ ರೋಗಗಳ ಮೇಲೆ ದೊಡ್ಡ ಗ್ರಂಥ ಬರೆದರು. 1932ರಲ್ಲಿ, ಪಿಟ್ಯುಟರಿಯ ಸಣ್ಣ ಗಡ್ಡೆಯಿಂದ ಮುಖ ಚಂದ್ರನಂತೆ ಉಬ್ಬಿ, ಹೊಟ್ಟೆ ದಪ್ಪವಾಗಿ, ಕೈಕಾಲು ಸಣಕಲಾಗಿ, ಮೂಳೆ ಟೊಳ್ಳಾಗುವ ರೋಗವನ್ನು ವಿವರಿಸಿದರು. ಅಡಿಸನ್ನನದು ಕೊರತೆಯ ರೋಗ, ಕುಶಿಂಗ್‌ನದು ಅತಿಯಾದ ರೋಗ. ಸ್ಟೀರಾಯ್ಡ್ ಮಾತ್ರೆ ಬಹುಕಾಲ ನುಂಗಿದವರಲ್ಲೂ ಇದೇ ಉಬ್ಬಿದ ಮುಖ ಕಾಣುತ್ತದೆ.

ಮೂರನೆಯ ಹೆಸರು ಹೆರಾಲ್ಡ್ ಶೀಹನ್. ಹೆರಿಗೆಯಲ್ಲಿ ವಿಪರೀತ ರಕ್ತ ಹೋದ ತಾಯಂದಿರಲ್ಲಿ ಪಿಟ್ಯುಟರಿ ರಕ್ತವಿಲ್ಲದೆ ಸಾಯುತ್ತದೆ ಎಂದು ಅವರು 1937ರಲ್ಲಿ ಬರೆದರು. ಎದೆಹಾಲು ಬರುವುದಿಲ್ಲ, ಮುಟ್ಟು ಮರಳುವುದಿಲ್ಲ, ನಂತರ ವರ್ಷಗಟ್ಟಲೆ ಸುಸ್ತು, ಚಳಿ, ಆಗಾಗ ತಲೆಸುತ್ತು. ಮನೆಯಲ್ಲೇ ಹೆರಿಗೆಯಾಗುತ್ತಿದ್ದ ತಲೆಮಾರಿನ ಹೆಂಗಸರಲ್ಲಿ ಇದು ಎಷ್ಟೋ ವರ್ಷಗಳ ಮೇಲೆ ಪತ್ತೆಯಾಗುವುದುಂಟು. ಅಜ್ಜಿಗೆ ಮೊದಲಿನಿಂದಲೂ ಶಕ್ತಿ ಕಡಿಮೆ ಎಂದು ಮನೆಯವರು ತಿಳಿದಿರುತ್ತಾರೆ. ಅಂಥ ಅಜ್ಜಿ ಪರ್ವದಲ್ಲಿ ಉಪವಾಸ ಕೂತು ಎಚ್ಚರ ತಪ್ಪಿದರೆ ಅದನ್ನು ಬರೀ ನಿತ್ರಾಣ ಎಂದು ಬಿಡಬಾರದು. ಹಳೆಯ ಹೆರಿಗೆಯ ಕಥೆಯನ್ನು ವೈದ್ಯರಿಗೆ ಹೇಳುವುದು ಒಳ್ಳೆಯದು.

ಕೆಂಡಾಲ್ ಹಿಡಿದ ದಾರಿ

ಕೆಂಡಾಲ್ ಹುಟ್ಟಿದ್ದು ಕನೆಕ್ಟಿಕಟ್ ರಾಜ್ಯದ ಸೌತ್ ನಾರ್ವಾಕ್‌ನಲ್ಲಿ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ 1910ರಲ್ಲಿ ಡಾಕ್ಟರೇಟ್ ಪಡೆದರು. ಒಂದು ಔಷಧ ಕಂಪನಿಯಲ್ಲಿ ಕೆಲವು ತಿಂಗಳು, ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಕೆಲವು ವರ್ಷ ಕೆಲಸ ಮಾಡಿ, 1914ರಲ್ಲಿ ಮಿನೆಸೋಟಾದ ರೊಚೆಸ್ಟರ್ ಪಟ್ಟಣದ ಮೇಯೊ ಕ್ಲಿನಿಕ್ ಸೇರಿದರು. ಅದೇ ವರ್ಷ ಡಿಸೆಂಬರ್ 25ರಂದು ಥೈರಾಯ್ಡ್ ಗ್ರಂಥಿಯಿಂದ ಥೈರಾಕ್ಸಿನ್ ಹರಳುಗಳನ್ನು ಪಡೆದರು. ವಯಸ್ಸು ಇನ್ನೂ 28.

ಇಷ್ಟು ಬೇಗ ಬಂದ ಯಶಸ್ಸಿನ ನಂತರ ಸೋಲುಗಳ ಸಾಲು. ಥೈರಾಕ್ಸಿನ್ನಿನ ಅಣುರಚನೆಯನ್ನು ಕೆಂಡಾಲ್ ತಪ್ಪಾಗಿ ಊಹಿಸಿದರು. ಸರಿಯಾದದ್ದನ್ನು ಲಂಡನ್ನಿನ ಚಾರ್ಲ್ಸ್ ಹ್ಯಾರಿಂಗ್ಟನ್ 1926ರಲ್ಲಿ ತೋರಿಸಿದರು. ಮರುವರ್ಷ ಪ್ರಯೋಗಶಾಲೆಯಲ್ಲೇ ಅದನ್ನು ತಯಾರಿಸಿಯೂ ಬಿಟ್ಟರು. ಇಂದು ಲಕ್ಷಾಂತರ ಮನೆಗಳಲ್ಲಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಥೈರಾಯ್ಡ್ ಮಾತ್ರೆಯ ಔಷಧ ಪ್ರಾಣಿಗ್ರಂಥಿಯಿಂದ ಬಂದದ್ದಲ್ಲ, ರಾಸಾಯನಿಕವಾಗಿ ಕಟ್ಟಿದ್ದು. ಈ ವಿಷಯದಲ್ಲಿ ಸಂಶಯ ಇಟ್ಟುಕೊಂಡವರು ಅದನ್ನು ಬಿಡಬಹುದು.

1930ರ ದಶಕದ ಆರಂಭಕ್ಕೆ ಕೆಂಡಾಲ್ ಅಡ್ರಿನಲ್ ಕಡೆ ತಿರುಗಿದರು. ದನದ ಅಡ್ರಿನಲ್ ಗ್ರಂಥಿಯ ರಸ ಚುಚ್ಚಿದರೆ ಅಡಿಸನ್ ರೋಗಿಗಳು ಚೇತರಿಸಿಕೊಳ್ಳುವುದು ಆಗಷ್ಟೇ ತಿಳಿದಿತ್ತು. ಆ ರಸದಲ್ಲಿ ಒಂದೇ ಹಾರ್ಮೋನ್ ಇದೆ ಎಂದು ಎಲ್ಲರಂತೆ ಅವರೂ ನಂಬಿದ್ದರು. ಸಂಶೋಧನೆಗೆ ಟನ್ನುಗಟ್ಟಲೆ ಗ್ರಂಥಿ ಬೇಕಿತ್ತು. ಅದಕ್ಕೆ ಅವರು ಮಾಡಿಕೊಂಡ ಏರ್ಪಾಡು ವ್ಯಾಪಾರಿಯದು. ಪಾರ್ಕ್ ಡೇವಿಸ್ ಕಂಪನಿ ಕಸಾಯಿಖಾನೆಗಳಿಂದ ಗ್ರಂಥಿ ತರಿಸಿ ಕೊಡುತ್ತಿತ್ತು. ಕೆಂಡಾಲ್ ಅದರಿಂದ ಅಡ್ರಿನಲಿನ್ ತೆಗೆದು ಕಂಪನಿಗೆ ಹಿಂತಿರುಗಿಸಿ, ಉಳಿದ ಹೊರಪದರವನ್ನು ತಮ್ಮ ಪ್ರಯೋಗಕ್ಕೆ ಇಟ್ಟುಕೊಳ್ಳುತ್ತಿದ್ದರು.

ಒಂದೇ ಹಾರ್ಮೋನ್ ಎಂಬ ನಂಬಿಕೆ ಬೇಗ ಬಿದ್ದುಹೋಯಿತು. ಹೆರಾಲ್ಡ್ ಮೇಸನ್ ಮೊದಲಾದ ಸಂಗಡಿಗರ ಜೊತೆ ಅವರು ಒಂದಾದ ಮೇಲೊಂದು ವಸ್ತುವನ್ನು ಬೇರ್ಪಡಿಸಿ, ಹೆಸರಿಡುವ ಗೋಜಿಗೆ ಹೋಗದೆ, ಎ, ಬಿ, ಇ, ಎಫ್ ಎಂದು ಅಕ್ಷರ ಹಚ್ಚುತ್ತ ಹೋದರು. ರೈಕ್‌ಸ್ಟೈನ್ ಇದೇ ಕೆಲಸವನ್ನು ಸ್ವಿಟ್ಜರ್ಲೆಂಡಿನಲ್ಲಿ ಬೇರೆಯಾಗಿ ಮಾಡುತ್ತಿದ್ದರು. ಇ ಎಂಬುದು ಕಾರ್ಟಿಸೋನ್. ಎಫ್ ಎಂಬುದು ನಮ್ಮ ದೇಹದ ಕಾರ್ಟಿಸಾಲ್. ಔಷಧದಂಗಡಿಯಲ್ಲಿ ಅದರ ಹೆಸರು ಹೈಡ್ರೊಕಾರ್ಟಿಸೋನ್.

ಎರಡನೇ ಮಹಾಯುದ್ಧದಲ್ಲಿ ಒಂದು ಗಾಳಿಸುದ್ದಿ ಈ ಕೆಲಸಕ್ಕೆ ಜೀವ ಕೊಟ್ಟಿತು. ಜರ್ಮನಿಯ ವಿಮಾನ ಚಾಲಕರು ಅಡ್ರಿನಲ್ ರಸ ಚುಚ್ಚಿಸಿಕೊಂಡು ಬಹಳ ಎತ್ತರದಲ್ಲಿ ಹಾರುತ್ತಾರಂತೆ ಎಂಬ ಆ ಮಾತು ಸುಳ್ಳು. ಆದರೆ ಅಮೆರಿಕದ ಸರ್ಕಾರ ಅಡ್ರಿನಲ್ ಸಂಶೋಧನೆಗೆ ಆದ್ಯತೆ ಕೊಟ್ಟಿತು. ಕೆಂಡಾಲ್ 1944ರಲ್ಲಿ ಎ ವಸ್ತುವನ್ನು ಕೃತಕವಾಗಿ ತಯಾರಿಸಿದರು. ಮರ್ಕ್ ಕಂಪನಿ ಅದನ್ನು ಹೆಚ್ಚು ಪ್ರಮಾಣದಲ್ಲಿ ಮಾಡಿತು. ಅಡಿಸನ್ ರೋಗಿಗಳಿಗೆ ಕೊಟ್ಟು ನೋಡಿದರೆ ಹೆಚ್ಚು ಪ್ರಯೋಜನ ಕಾಣಲಿಲ್ಲ. ಅಷ್ಟು ವರ್ಷದ ಶ್ರಮ ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ಮರ್ಕ್‌ನ ಯುವ ರಸಾಯನಜ್ಞ ಲೂಯಿಸ್ ಸ್ಯಾರೆಟ್ ಎತ್ತಿನ ಪಿತ್ತರಸದಿಂದ ಆರಂಭಿಸಿ ಮೂವತ್ತಕ್ಕೂ ಹೆಚ್ಚು ಹಂತ ದಾಟಿ ಇ ವಸ್ತುವನ್ನು ಪಡೆದಿದ್ದರು. 1948ರ ಹೊತ್ತಿಗೆ ಅದು ಕೈಗೆ ಸಿಗುತ್ತಿದ್ದದ್ದು ಕೆಲವೇ ಗ್ರಾಂ.

ಹೆಂಚ್ ಮತ್ತು ಕಾಮಾಲೆಯ ಸುಳಿವು

ಫಿಲಿಪ್ ಹೆಂಚ್ ಮೇಯೊದಲ್ಲಿ ಸಂಧಿವಾತದ ವೈದ್ಯರು. 1929ರಲ್ಲಿ ಅವರ ಒಬ್ಬ ರೋಗಿ, ತನಗೆ ಕಾಮಾಲೆ ಬಂದ ಮೇಲೆ ಕೀಲುನೋವು ಮಾಯವಾಯಿತು ಎಂದು ಹೇಳಿದ. ಬಸಿರಾದ ಹೆಂಗಸರಲ್ಲೂ ಸಂಧಿವಾತ ತಗ್ಗುವುದನ್ನು ಹೆಂಚ್ ಗಮನಿಸಿದರು. ದೇಹವೇ ಯಾವುದೋ ವಸ್ತುವನ್ನು ಹೆಚ್ಚು ತಯಾರಿಸುತ್ತಿರಬೇಕು ಎಂಬ ಯೋಚನೆ ಅವರನ್ನು ಕೆಂಡಾಲ್ ಬಳಿಗೆ ತಂದಿತು. ಇ ವಸ್ತುವನ್ನು ಸಂಧಿವಾತಕ್ಕೆ ಕೊಟ್ಟು ನೋಡಬೇಕೆಂದು ಇಬ್ಬರೂ ಮಾತಾಡಿಕೊಂಡದ್ದು 1941ರಲ್ಲಿ. ಕೊಡಲು ವಸ್ತು ಸಿಕ್ಕಿದ್ದು ಏಳು ವರ್ಷದ ಮೇಲೆ.

1948ರ ಸೆಪ್ಟೆಂಬರ್ 21ರಂದು, ಹಾಸಿಗೆ ಹಿಡಿದಿದ್ದ 29 ವರ್ಷದ ಒಬ್ಬ ಮಹಿಳೆಗೆ ಮೊದಲ ಚುಚ್ಚುಮದ್ದು ಕೊಟ್ಟರು. ಕೆಲವೇ ದಿನಗಳಲ್ಲಿ ಕೀಲುಗಳ ಬಿಗಿ ಸಡಿಲಾಯಿತು. ವಾರ ಕಳೆಯುವಷ್ಟರಲ್ಲಿ ಆಕೆ ಪೇಟೆಗೆ ಹೋಗಿಬಂದರು. 1949ರ ಏಪ್ರಿಲ್‌ನಲ್ಲಿ ಮೇಯೊ ವೈದ್ಯರ ಸಭೆಯಲ್ಲಿ ಫಲಿತಾಂಶ ಮಂಡನೆಯಾಯಿತು, ಮುಂದಿನ ವರ್ಷವೇ ನೊಬೆಲ್. ಪತ್ರಿಕೆಗಳು ಪವಾಡ ಎಂದು ಬರೆದವು. ಪವಾಡವೇನೂ ಅಲ್ಲ ಎಂಬುದು ಹೆಂಚ್‌ಗೆ ಆಗಲೇ ಗೊತ್ತಾಗುತ್ತಿತ್ತು. ಔಷಧ ನಿಲ್ಲಿಸಿದರೆ ನೋವು ಮರಳಿತು, ಮುಂದುವರಿಸಿದರೆ ಮುಖ ಉಬ್ಬಿತು.

ಕೆಂಡಾಲ್ 1951ರಲ್ಲಿ ಮೇಯೊದಿಂದ ನಿವೃತ್ತರಾಗಿ ಪ್ರಿನ್ಸ್‌ಟನ್‌ಗೆ ಹೋದರು. ಅಲ್ಲಿಯೂ ಅಡ್ರಿನಲ್ ಸಂಶೋಧನೆಯನ್ನು ಬಿಡಲಿಲ್ಲ. ಸಾಯುವ ಹಿಂದಿನ ವರ್ಷ, 1971ರಲ್ಲಿ, ತಮ್ಮ ನೆನಪುಗಳ ಪುಸ್ತಕ ಪ್ರಕಟಿಸಿದರು. ಅದಕ್ಕೆ ಇಟ್ಟ ಹೆಸರು 'ಕಾರ್ಟಿಸೋನ್'.

ಎತ್ತಿನ ಪಿತ್ತದಿಂದ ಗೆಣಸಿಗೆ, ಗೆಣಸಿನಿಂದ ಸೋಯಾಕ್ಕೆ

ಔಷಧ ಯಾವುದರಿಂದ ಬಂತು ಎಂದು ಕೇಳುವುದು ಜೈನರಿಗೆ ಹೊಸದಲ್ಲ. 9ನೇ ಶತಮಾನದ ಉಗ್ರಾದಿತ್ಯಾಚಾರ್ಯರ ಸಂಸ್ಕೃತ ವೈದ್ಯಗ್ರಂಥ 'ಕಲ್ಯಾಣಕಾರಕ' ಮಾಂಸ, ಮದ್ಯ, ಜೇನು ಮೂರನ್ನೂ ಬಿಟ್ಟು ಚಿಕಿತ್ಸೆ ಹೇಳುತ್ತದೆ. ಔಷಧದಲ್ಲಿ ಮಾಂಸ ನಿಷ್ಪ್ರಯೋಜಕವೆಂದು ನೃಪತುಂಗನ ಸಭೆಯಲ್ಲಿ ಅವರು ವಾದಿಸಿದ ಭಾಗವೂ ಅದರ ಕೊನೆಗಿದೆ. ಗ್ರಂಥ 1940ರಲ್ಲಿ ಸೊಲ್ಲಾಪುರದಿಂದ ಅಚ್ಚಾಯಿತು. 12ನೇ ಶತಮಾನದ ಜಗದ್ದಳ ಸೋಮನಾಥ, ಪೂಜ್ಯಪಾದರ ಹೆಸರಿನ ಇನ್ನೊಂದು ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದ. 14ನೇ ಶತಮಾನದ ಮಂಗರಾಜ ವಿಷಚಿಕಿತ್ಸೆಗೆಂದೇ 'ಖಗೇಂದ್ರಮಣಿದರ್ಪಣ' ಬರೆದ. ನಾಲ್ಕು ದಾನಗಳಲ್ಲಿ ಔಷಧದಾನವೂ ಸೇರಿರುವ ಸಮಾಜದಲ್ಲಿ ಈ ಪ್ರಶ್ನೆ ಕೇಳಬೇಕಾದದ್ದೇ.

ಕೆಂಡಾಲ್‌ರ ಕಾಲದ ಉತ್ತರ ಜೈನರಿಗೆ ಹಿತವಾದದ್ದಲ್ಲ: ಗ್ರಂಥಿಗಳು ಕಸಾಯಿಖಾನೆಯಿಂದ ಬಂದವು, ಮೊದಲ ಕಾರ್ಟಿಸೋನ್ ಎತ್ತಿನ ಪಿತ್ತರಸದಿಂದ ಬಂತು. ಇದನ್ನು ಮರೆಮಾಚಬೇಕಾಗಿಲ್ಲ. ಆದರೆ ಆ ದಾರಿ ದುಬಾರಿಯಾಗಿತ್ತು, ಬಹುಬೇಗ ಬದಲಾಯಿತು. ಅಮೆರಿಕದ ರಸೆಲ್ ಮಾರ್ಕರ್ 1940ರ ದಶಕದಲ್ಲಿ ಮೆಕ್ಸಿಕೋದ ಕಾಡುಗೆಣಸಿನಲ್ಲಿರುವ ಡಯೋಸ್ಜೆನಿನ್‌ನಿಂದ ಸ್ಟೀರಾಯ್ಡ್ ತಯಾರಿಸುವ ವಿಧಾನ ಕಂಡುಹಿಡಿದರು. ಆದರೂ ಅಣುವಿನ ಹನ್ನೊಂದನೇ ಸ್ಥಾನಕ್ಕೆ ಆಮ್ಲಜನಕವನ್ನು ಕೂಡಿಸುವುದು ಕಷ್ಟವಾಗಿಯೇ ಉಳಿದಿತ್ತು. 1952ರಲ್ಲಿ ಅಪ್‌ಜಾನ್ ಕಂಪನಿಯ ಡ್ಯೂರಿ ಪೀಟರ್ಸನ್ ಮತ್ತು ಹರ್ಬರ್ಟ್ ಮರ್ರೆ ಆ ಒಂದು ಹೆಜ್ಜೆಯನ್ನು ಬ್ರೆಡ್ಡಿನ ಮೇಲೆ ಬೆಳೆಯುವ ಬೂಷ್ಟಿನ ಜಾತಿಯ ಶಿಲೀಂಧ್ರದಿಂದ ಮಾಡಿಸಿದರು. ಬೆಲೆ ಬಿತ್ತು, ಔಷಧ ಬಡವರ ಕೈಗೂ ಎಟುಕಿತು.

ಈ ಕಾಡುಗೆಣಸು ಡಯಾಸ್ಕೋರಿಯಾ ಕುಲದ್ದು. ಉತ್ತರ ಕನ್ನಡದ ಜೋಯಿಡಾದಲ್ಲಿ ನಡೆಯುವ ಗೆಡ್ಡೆಗೆಣಸು ಮೇಳ ನೋಡಿದವರಿಗೆ ಇದರ ಬಂಧುಗಳ ಪರಿಚಯ ಇದ್ದೇ ಇರುತ್ತದೆ. ಹಿಮಾಲಯದ ಒಂದು ಜಾತಿಯನ್ನು ಔಷಧಕ್ಕೆಂದು ಅಗೆದು ಅಗೆದು ಅದು ಅಪಾಯದ ಅಂಚಿಗೆ ಬಂದಿತು. ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಮಧ್ಯ ಅಮೆರಿಕದ ಇನ್ನೊಂದು ಜಾತಿಯಿಂದ 'ಅರ್ಕಾ ಉಪಕಾರ್' ಎಂಬ ತಳಿ ಬಿಡುಗಡೆ ಮಾಡಿತು. ಕಂದಮೂಲ ತ್ಯಜಿಸಿದ ಮನೆಯವರಿಗೆ ಇದೂ ಒಂದು ತೊಡಕೇ. ಪಂಚೇಂದ್ರಿಯ ಜೀವಿಯ ಹಿಂಸೆ ತಪ್ಪಿತು, ಅನಂತಕಾಯದ ಗೆಡ್ಡೆ ಬಂತು. ಇತ್ತೀಚಿನ ದಶಕಗಳಲ್ಲಿ ಉದ್ಯಮ ಬಹುಮಟ್ಟಿಗೆ ಸೋಯಾ ಎಣ್ಣೆ ಶುದ್ಧೀಕರಣದಲ್ಲಿ ಉಳಿಯುವ ಸಸ್ಯ ಸ್ಟೆರಾಲ್‌ಗಳ ಕಡೆ ಹೊರಳಿದೆ. ಅವನ್ನು ಸೂಕ್ಷ್ಮಜೀವಿಗಳಿಂದ ಹುದುಗಿಸಿ ಸ್ಟೀರಾಯ್ಡ್ ಪಡೆಯುತ್ತಾರೆ.

ಕೈಯಲ್ಲಿರುವ ಮಾತ್ರೆಯ ಔಷಧ ಗೆಣಸಿನಿಂದ ಬಂದದ್ದೋ ಸೋಯಾದಿಂದಲೋ ಎಂಬುದು ಚೀಟಿಯ ಮೇಲೆ ಇರುವುದಿಲ್ಲ. ಪ್ರಾಣಿಮೂಲದ ಸಂಶಯ ಇರುವುದು ಹೆಚ್ಚಾಗಿ ಬೇರೆ ಕಡೆ. ಕ್ಯಾಪ್ಸೂಲಿನ ಸಿಪ್ಪೆ ಸಾಮಾನ್ಯವಾಗಿ ಜೆಲಾಟಿನ್, ಅಂದರೆ ಪ್ರಾಣಿಯ ಮೂಳೆ-ಚರ್ಮದ್ದು. ಮಾತ್ರೆಗೆ ಬೆರೆಸುವ ಮೆಗ್ನೀಸಿಯಮ್ ಸ್ಟಿಯರೇಟ್ ಸಸ್ಯದ್ದೂ ಇರಬಹುದು, ಪ್ರಾಣಿಯದ್ದೂ ಇರಬಹುದು. ಎಸಿಟಿಎಚ್ ಚುಚ್ಚುಮದ್ದಿನ ಒಂದು ಬಗೆಯನ್ನು ಈಗಲೂ ಹಂದಿಯ ಪಿಟ್ಯುಟರಿಯಿಂದ ತೆಗೆಯುತ್ತಾರೆ, ಕೃತಕವಾದದ್ದೂ ಸಿಗುತ್ತದೆ. ಔಷಧ ಬದಲಿಸಬಹುದೇ ಎಂದು ವೈದ್ಯರನ್ನೋ ಔಷಧದಂಗಡಿಯವರನ್ನೋ ಕೇಳಬಹುದು. ಬದಲಿ ಸಿಗುವ ತನಕ ಬಿಡುವುದು ಮಾತ್ರ ಬೇರೆ ಮಾತು.

ಉಪವಾಸದ ದಿನ

ಕಾರ್ಟಿಸೋನ್ ಬಳಕೆಗೆ ಬಂದು ಮೂರು ವರ್ಷ ತುಂಬುವ ಮೊದಲೇ, 1952ರಲ್ಲಿ, ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಸಾವಿನ ವರದಿ ಬಂದಿತು. ಸಂಧಿವಾತಕ್ಕೆಂದು ಕಾರ್ಟಿಸೋನ್ ತೆಗೆದುಕೊಳ್ಳುತ್ತಿದ್ದ ರೋಗಿ; ಶಸ್ತ್ರಚಿಕಿತ್ಸೆಗೆ ಮೊದಲು ಔಷಧ ನಿಲ್ಲಿಸಿದ್ದರು; ಶಸ್ತ್ರಚಿಕಿತ್ಸೆಯ ನಂತರ ರಕ್ತದೊತ್ತಡ ಕುಸಿದು ಮೇಲೇಳಲೇ ಇಲ್ಲ. ನೋಡಿದರೆ ಅಡ್ರಿನಲ್ ಗ್ರಂಥಿಗಳು ಕುಗ್ಗಿಹೋಗಿದ್ದವು. ಮಾತ್ರೆ ಬರುತ್ತಿರುವಾಗ ಪಿಟ್ಯುಟರಿ ಆಜ್ಞೆ ಕಳಿಸುವುದನ್ನು ಬಿಡುತ್ತದೆ, ಆಜ್ಞೆಯಿಲ್ಲದೆ ಅಡ್ರಿನಲ್ ಸೊರಗುತ್ತದೆ. ಮಾತ್ರೆ ಥಟ್ಟನೆ ನಿಂತ ದಿನ ಮೂರೂ ಕಡೆ ಖಾಲಿ. ಗ್ರಂಥಿ ಮತ್ತೆ ಎಚ್ಚೆತ್ತುಕೊಳ್ಳಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಆದ್ದರಿಂದಲೇ ಸುಮಾರು ಮೂರು ವಾರಕ್ಕಿಂತ ಹೆಚ್ಚು ಕಾಲ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡವರಿಗೆ ವೈದ್ಯರು ಅದನ್ನು ಹಂತಹಂತವಾಗಿ ಇಳಿಸುತ್ತಾರೆ.

ಉಪವಾಸದ ದಿನ ಮಾತ್ರೆಯನ್ನೂ ತ್ಯಜಿಸುವವರಿಗೆ ಅಪಾಯ ಇರುವುದು ಇಲ್ಲಿಯೇ. ಹಸಿವು ಹೆಚ್ಚು ಕಾರ್ಟಿಸಾಲ್ ಕೇಳುವ ಹೊತ್ತಿನಲ್ಲೇ ಅದರ ಬಾಗಿಲು ಮುಚ್ಚಿದಂತಾಗುತ್ತದೆ. ವಾಂತಿ, ಹೊಟ್ಟೆನೋವು, ವಿಪರೀತ ನಿತ್ರಾಣ, ಎದ್ದರೆ ಕಣ್ಣು ಕತ್ತಲೆ, ಮಂಕು: ಇವು ಅಡ್ರಿನಲ್ ಸೋಲಿನ ಲಕ್ಷಣ. ತಕ್ಷಣ ಹೈಡ್ರೊಕಾರ್ಟಿಸೋನ್ ಚುಚ್ಚುಮದ್ದು ಮತ್ತು ಸಲೈನ್ ಸಿಗದಿದ್ದರೆ ಜೀವಕ್ಕೇ ಮುಳುವು.

ಇದಕ್ಕಿಂತ ಕಡಿಮೆ ತಿಳಿದಿರುವ ಇನ್ನೊಂದು ಅಪಾಯ ರಸತ್ಯಾಗದ್ದು. ಪರ್ವದ ದಿನಗಳಲ್ಲಿ ಹಲವರು ಉಪ್ಪು ಬಿಡುತ್ತಾರೆ. ರಕ್ತದೊತ್ತಡ ಹೆಚ್ಚಿರುವವರಿಗೆ ಅದರಿಂದ ಒಳ್ಳೆಯದೇ ಆಗಬಹುದು. ಆದರೆ ಅಡಿಸನ್ ರೋಗಿಯ ದೇಹದಲ್ಲಿ ಅಲ್ಡೋಸ್ಟೆರಾನ್ ಇಲ್ಲ, ಉಪ್ಪು ಮೂತ್ರದಲ್ಲಿ ಸೋರಿಹೋಗುತ್ತದೆ. ಅಂಥವರು ಉಪ್ಪು ಬಿಟ್ಟು, ನೀರೂ ಬಿಟ್ಟು ಕೂರುವುದು ಸಲ್ಲದು.

ರಾತ್ರಿಭೋಜನ ತ್ಯಾಗಕ್ಕೆ ಈ ಚಿಕಿತ್ಸೆ ಅಷ್ಟಾಗಿ ಅಡ್ಡ ಬರುವುದಿಲ್ಲ. ದೇಹದಲ್ಲಿ ಕಾರ್ಟಿಸಾಲ್ ಹೆಚ್ಚಿರುವುದು ಬೆಳಗಿನ ಜಾವ, ಕಡಿಮೆ ಇರುವುದು ರಾತ್ರಿ. ಹೈಡ್ರೊಕಾರ್ಟಿಸೋನಿನ ದೊಡ್ಡ ಪಾಲನ್ನು ಎದ್ದ ಕೂಡಲೇ, ಕೊನೆಯದನ್ನು ಸಂಜೆಯೊಳಗೆ ಕೊಡುವುದು ರೂಢಿ. ಪ್ರೆಡ್ನಿಸೊಲೋನ್ ಅನೇಕರಿಗೆ ಬೆಳಿಗ್ಗೆ ಒಂದೇ ಸಲ. ಸೂರ್ಯೋದಯದ ನಂತರವೇ ನೀರು ಮುಟ್ಟುವವರು, ಏಕಭುಕ್ತ ಮಾಡುವವರು ಪರ್ವಕ್ಕೆ ಹದಿನೈದು ದಿನ ಮೊದಲೇ ವೈದ್ಯರ ಬಳಿ ಹೋದರೆ ಹೊತ್ತನ್ನೋ ಔಷಧವನ್ನೋ ಹೊಂದಿಸಲು ಸಮಯ ಸಿಗುತ್ತದೆ. ವ್ರತ ಹಿಡಿಯುವ ಮೊದಲು ಮುನಿಗಳಿಗೋ ಭಟ್ಟಾರಕರಿಗೋ ಕಾಯಿಲೆಯ ವಿಷಯ ಹೇಳುವುದೂ ಅಷ್ಟೇ ಮುಖ್ಯ. ಷೋಡಶಕಾರಣ ಭಾವನೆಗಳಲ್ಲಿ ಶಕ್ತಿಗೆ ತಕ್ಕ ತಪಸ್ಸು ಎಂಬುದೂ ಒಂದು ಎಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಘಟ್ಟದ ಮೇಲಿನ ಊರುಗಳಿಗೆ ಇದರಲ್ಲಿ ಇನ್ನೊಂದು ಲೆಕ್ಕವಿದೆ. ದಶಲಕ್ಷಣ ಪರ್ವ ಬರುವುದು ಮಳೆಗಾಲ ಮುಗಿಯದಿರುವಾಗ. ಯಲ್ಲಾಪುರ ತಾಲೂಕಿನ ಚಂದಗುಳಿ, ಶಿರಸಿಯ ಸೋಂದಾ, ಸಿದ್ದಾಪುರದ ಒಳ ಊರುಗಳಿಂದ ದೊಡ್ಡ ಆಸ್ಪತ್ರೆಗೆಂದು ಹೊರಟರೆ ಹುಬ್ಬಳ್ಳಿ-ಧಾರವಾಡವೋ ಮಣಿಪಾಲವೋ ಆಗಬೇಕು. ಯಲ್ಲಾಪುರದಿಂದ ಹುಬ್ಬಳ್ಳಿಯೇ ಸುಮಾರು 70 ಕಿಲೋಮೀಟರ್. ಹಾಗಾಗಿ ಅಡಿಸನ್ ರೋಗ ಅಥವಾ ಪಿಟ್ಯುಟರಿ ಕೊರತೆ ಇರುವವರ ಮನೆಯಲ್ಲಿ ಹೈಡ್ರೊಕಾರ್ಟಿಸೋನ್ ಚುಚ್ಚುಮದ್ದನ್ನು ಇಟ್ಟುಕೊಂಡು, ಮನೆಯ ಒಬ್ಬರು ಅದನ್ನು ಕೊಡುವುದನ್ನು ವೈದ್ಯರಿಂದ ಕಲಿತಿರಬೇಕು. ಜ್ವರ ಬಂದ ದಿನ ಮಾತ್ರೆ ಎಷ್ಟು ಹೆಚ್ಚಿಸಬೇಕು ಎಂಬುದನ್ನು ಮೊದಲೇ ಬರೆಸಿಟ್ಟುಕೊಳ್ಳಬೇಕು. ಸಾಮಾನ್ಯವಾಗಿ ಎರಡು ಪಟ್ಟು ಹೇಳುತ್ತಾರೆ. ಸಂತೆಯಲ್ಲಿ ಮಾರುವ ಕೀಲುನೋವಿನ, ಉಬ್ಬಸದ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತದ್ದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಅಂಥ ಪುಡಿ ತಿಂಗಳುಗಟ್ಟಲೆ ತಿಂದು, ಪರ್ವಕ್ಕೆಂದು ನಿಲ್ಲಿಸಿ, ಎಚ್ಚರ ತಪ್ಪಿ ಬಿದ್ದವರ ಬಳಿ ತೋರಿಸಲು ಔಷಧದ ಚೀಟಿಯೂ ಇರುವುದಿಲ್ಲ. ಪುಡಿಯ ಪೊಟ್ಟಣವನ್ನೇ ಆಸ್ಪತ್ರೆಗೆ ಒಯ್ಯಬೇಕು.

ಅಡಿಸನ್ ರೋಗಿಗಳು ಮತ್ತು ಬಹುಕಾಲ ಸ್ಟೀರಾಯ್ಡ್ ತೆಗೆದುಕೊಳ್ಳುವವರು ಔಷಧದ ಹೆಸರು, ಪ್ರಮಾಣ ಬರೆದ ಒಂದು ಕಾರ್ಡನ್ನು ಜೇಬಿನಲ್ಲೋ ಪರ್ಸಿನಲ್ಲೋ ಇಟ್ಟುಕೊಳ್ಳುವ ಪದ್ಧತಿ ಹಲವು ದೇಶಗಳಲ್ಲಿದೆ. ಬಸದಿಗೆ ಹೋಗುವಾಗ, ಶ್ರವಣಬೆಳಗೊಳದ ಬೆಟ್ಟ ಹತ್ತುವಾಗ, ಯಾತ್ರೆಯ ಬಸ್ಸಿನಲ್ಲಿ, ಈ ಕಾರ್ಡು ಜೊತೆಗಿದ್ದರೆ ಗುರುತಿಲ್ಲದ ಊರಿನ ವೈದ್ಯರಿಗೂ ಏನು ಕೊಡಬೇಕೆಂದು ಒಡನೆಯೇ ತಿಳಿಯುತ್ತದೆ.